ರಸದಿಂದ ಕಸ

ಭಾನುವಾರ ರಾತ್ರಿ ಎಂಟೂವರೆ. ಬಡಾವಣೆಯ ಸ್ಟೇಷನರಿ ಅಂಗಡಿಯಾತ ಆಗಲೇ ಅರ್ಧ ಷಟರ್ ಎಳೆದಿದ್ದಾನೆ. ಅಷ್ಟರಲ್ಲಿ ಸ್ಕೂಟರಿನಲ್ಲಿ ಅಪ್ಪ, ಮಗ ಬಂದು ಇಳಿಯುತ್ತಾರೆ. "ಥರ್ಮೋಕೋಲ್ ಶೀಟ್ ಇದೆಯೇನ್ರೀ? ದಪ್ಪದ್ದು ಎರಡು ಕೊಡಿ." ಅಂಗಡಿಯಾತನಿಗೆ ಇದೆಲ್ಲ ಅಭ್ಯಾಸ. ಮಿನುಗು ಪುಡಿ, ಬಣ್ಣದ ಫೋಮ್ ಹಾಳೆ, ಅಂಟಿನ ಬಾಟಲಿ, ಹಸಿರು ಪ್ಲಾಸ್ಟಿಕ್ ಹುಲ್ಲು, ಬೆರಳುದ್ದದ ಪ್ಲಾಸ್ಟಿಕ್ ಮರಗಳ ಪೊಟ್ಟಣ, ಎಲ್ಲವನ್ನೂ ಕೇಳದೆಯೇ ತೆಗೆದು ಮುಂದಿಡುತ್ತಾನೆ. "ನಾಳೆ ಬೆಳಿಗ್ಗೆಯೇ ಕೊಡಬೇಕಂತೆ, ಮಹಾರಾಯ ಈಗ ಹೇಳ್ತಿದ್ದಾನೆ" ಎಂದು ಅಪ್ಪ ಗೊಣಗುತ್ತಾರೆ. ಯಾವುದರ ಮೇಲೆ ಮಾಡೆಲ್ ಎಂದು ವಿಚಾರಿಸಿದರೆ ಹುಡುಗ ನೆಲ ನೋಡುತ್ತ ಹೇಳುತ್ತಾನೆ: "ಪರಿಸರ ಸಂರಕ್ಷಣೆ."

ನೀವು ನಗಬಹುದು. ನಾನು ನಗುವ ಹಾಗಿಲ್ಲ. ಯಾಕೆಂದರೆ ಇಂಥ ಮಾದರಿಗಳಿಗೆ ಬಹುಮಾನ ಕೊಟ್ಟ ಪಾಪದಲ್ಲಿ ನನ್ನದೂ ಪಾಲಿದೆ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯವರು ತಮ್ಮ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗಿ ನನ್ನನ್ನು ಕರೆದಿದ್ದರು. ಐವತ್ತಕ್ಕೂ ಹೆಚ್ಚು ಮಾದರಿಗಳು, ಎರಡು ಗಂಟೆಯ ಸಮಯ, ಅದರ ನಡುವೆ ಉಪ್ಪಿಟ್ಟು, ಕಾಫಿ. ಕೈಗೆ ಒಂದು ಅಂಕಪಟ್ಟಿ ಕೊಟ್ಟಿದ್ದರು. ವಿಷಯಕ್ಕೆ ಇಷ್ಟು, ವಿವರಣೆಗೆ ಇಷ್ಟು, 'ಅಂದ'ಕ್ಕೆ ಇಷ್ಟು ಎಂದು ಕಲಮುಗಳಿದ್ದವು. ಹಾಲಿನ ನಡುವೆ ನಾಲ್ಕಡಿ ಎತ್ತರದ ಥರ್ಮೋಕೋಲ್ ಜ್ವಾಲಾಮುಖಿ. ಒಳಗೆ ಕೆಂಪು ಬಲ್ಬು. ಅಡುಗೆ ಸೋಡಕ್ಕೆ ವಿನಿಗರ್ ಸುರಿದಾಗ ನೊರೆ ಉಕ್ಕಿ ಬಂತು, ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಮೊದಲ ಬಹುಮಾನ ಅದಕ್ಕೇ ಹೋಯಿತು.

ಮೂಲೆಯ ಮೇಜಿನಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಒಂದು ಮಡಕೆ, ಒಂದು ಸ್ಟೀಲ್ ಬಿಂದಿಗೆ, ಒಂದು ಥರ್ಮಾಮೀಟರ್ ಮತ್ತು ಒಂದು ನೋಟ್ ಪುಸ್ತಕ ಇಟ್ಟುಕೊಂಡು ನಿಂತಿದ್ದಳು. ಎಂಟು ದಿನ, ದಿನಕ್ಕೆ ಮೂರು ಸಲ ಎರಡು ಪಾತ್ರೆಗಳ ನೀರಿನ ಉಷ್ಣತೆ ಅಳೆದು ಬರೆದಿದ್ದಳು. ಬಿಸಿಲಿನ ಮಧ್ಯಾಹ್ನಗಳಲ್ಲಿ ಮಡಕೆಯ ನೀರು ಐದಾರು ಡಿಗ್ರಿ ತಂಪು. ಆರನೆಯ ದಿನ ಮಳೆ ಬಂದಿತ್ತು. ಅಂದು ವ್ಯತ್ಯಾಸ ಒಂದೇ ಡಿಗ್ರಿ. ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು "ಯಾಕೆ?" ಎಂದು ಬರೆದಿದ್ದಳು. ನಾನು ದೊಡ್ಡ ಮನುಷ್ಯನಂತೆ, "ಮಡಕೆಗೆ ಸ್ವಲ್ಪ ಬಣ್ಣಗಿಣ್ಣ ಹಚ್ಚಬಹುದಿತ್ತಲ್ಲಮ್ಮ" ಎಂದೆ. ಅವಳು ಹೇಳಿದ್ದು: "ಪೇಂಟ್ ಹೊಡೆದರೆ ನೀರು ತಣ್ಣಗಾಗಲ್ಲ ಸಾರ್."

ಸರಿಯಾದ ಉತ್ತರ. ಮಡಕೆಯ ಮೈಯ ಸೂಕ್ಷ್ಮ ರಂಧ್ರಗಳಿಂದ ನೀರು ಹೊರಕ್ಕೆ ಜಿನುಗಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ನಮ್ಮ ಸಾಮಾನ್ಯ ಹವೆಯಲ್ಲಿ ಸುಮಾರು 580 ಕ್ಯಾಲೊರಿ ಶಾಖ ಬೇಕು. ಅದರ ಬಹುಪಾಲನ್ನು ಮಡಕೆಯೊಳಗಿನ ನೀರೇ ತೆರುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಲೀಟರ್ ನೀರಿನಲ್ಲಿ ಹತ್ತೇ ಗ್ರಾಂ ಆವಿಯಾದರೂ, ಹೊರಗಿನಿಂದ ಶಾಖ ಸೇರದಿದ್ದರೆ, ಉಳಿದ ನೀರು ಹೆಚ್ಚುಕಡಿಮೆ ಆರು ಡಿಗ್ರಿ ತಣಿಯಬೇಕು. ಮಳೆಯ ದಿನ ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಆವಿಯಾಗುವುದು ನಿಧಾನ. ಎಣ್ಣೆ ಬಣ್ಣ ಬಳಿದರೆ ರಂಧ್ರಗಳೇ ಮುಚ್ಚಿಹೋಗುತ್ತವೆ. ಅವಳ ಮಡಕೆ ಬೋಳಾಗಿದ್ದುದು ಬಡತನದಿಂದಲ್ಲ, ಸೋಮಾರಿತನದಿಂದಲೂ ಅಲ್ಲ. ವಿಜ್ಞಾನ ಅದನ್ನೇ ಕೇಳುತ್ತಿತ್ತು. ಇಷ್ಟನ್ನು ತಿಳಿದೂ ನಾನು 'ಅಂದ'ದ ಕಲಮಿನಲ್ಲಿ ಅವಳಿಗೆ ಹತ್ತಕ್ಕೆ ಮೂರು ಹಾಕಿದೆ. ಅವಳಿಗೆ ಸಮಾಧಾನಕರ ಬಹುಮಾನವೂ ಬರಲಿಲ್ಲ.

ಮಾರನೆಯ ದಿನ, ಮರೆತು ಬಂದಿದ್ದ ಕನ್ನಡಕ ತರಲು ಅದೇ ಶಾಲೆಗೆ ಹೋದೆ. ಕಟ್ಟಡದ ಹಿಂದೆ ಕಪ್ಪು ಹೊಗೆ. ಹೋಗಿ ನೋಡಿದರೆ ಪ್ರದರ್ಶನದ ಮಾದರಿಗಳ ರಾಶಿಗೆ ಬೆಂಕಿ ಬಿದ್ದಿತ್ತು. ಜ್ವಾಲಾಮುಖಿ ನಿಜವಾಗಿಯೂ ಉರಿಯುತ್ತಿತ್ತು. ಅದರ ಪಕ್ಕದಲ್ಲೇ 'ಓಜೋನ್ ಪದರ ಉಳಿಸಿ', 'ಮಳೆನೀರು ಕೊಯ್ಲು', 'ಹಸಿರೇ ಉಸಿರು' ಸಹ. ಆ ಹುಡುಗಿಯ ಮಡಕೆ, ಬಿಂದಿಗೆಗಳು ಹಿಂದಿನ ಸಂಜೆಯೇ ಮನೆ ಸೇರಿದ್ದವು. ಥರ್ಮಾಮೀಟರು ಪ್ರಯೋಗಶಾಲೆಯ ಬೀರುವಿಗೆ ಮರಳಿತ್ತು. ನೋಟ್ ಪುಸ್ತಕದಲ್ಲಿ ಇನ್ನೂ ಅರ್ಧದಷ್ಟು ಖಾಲಿ ಹಾಳೆಗಳಿದ್ದವು.

ಆ ಹೊಗೆಯಲ್ಲಿ ಇದ್ದದ್ದಾದರೂ ಏನು? ಥರ್ಮೋಕೋಲ್ ಎಂದರೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್, ಪೆಟ್ರೋಲಿಯಂನ ಕೂಸು. ಅದರ ಸಣ್ಣ ಮಣಿಗಳನ್ನು ಉಗಿಯಲ್ಲಿ ಅರಳಿಸಿ, ಒತ್ತಿ, ಹಲಗೆ ಮಾಡುತ್ತಾರೆ. ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಪಾಲು ಬರೀ ಗಾಳಿ. ಮೀನಿನ ಪೆಟ್ಟಿಗೆಗೆ, ಲಸಿಕೆ ಸಾಗಿಸುವ ಡಬ್ಬಿಗೆ ಅದು ಒಳ್ಳೆಯ ವಸ್ತುವೇ. ಹಿಡಿದಿಟ್ಟ ಗಾಳಿ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ. ತೊಂದರೆ ಇರುವುದು ಬಿಸಾಡುವಾಗ. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಒಂದಂಗುಲ ದಪ್ಪದ ಹಾಳೆ ಇನ್ನೂರು ಗ್ರಾಂ ತೂಗಿದರೆ ಹೆಚ್ಚು. ತೂಕಕ್ಕೆ ದುಡ್ಡು ಕೊಡುವ ಗುಜರಿಯವನು ಮೂಟೆಗಟ್ಟಲೆ ಗಾಳಿಯನ್ನು ಹೊತ್ತು ಏನು ಮಾಡಿಯಾನು? ಹಾಗಾಗಿ ಅದು ಚರಂಡಿಗೆ, ಇಲ್ಲವೆ ಬೆಂಕಿಗೆ. ಉರಿದರೆ ಕಪ್ಪು ಮಸಿ, ಕಾರ್ಬನ್ ಮಾನಾಕ್ಸೈಡ್, ಸ್ಟೈರೀನ್ ಹೊರಬರುತ್ತವೆ. (ಊದಿನಕಡ್ಡಿಯಿಂದಲೋ ಕಾಯಿಸಿದ ಚಾಕುವಿನಿಂದಲೋ ಥರ್ಮೋಕೋಲ್ ಕತ್ತರಿಸುವ ಮಕ್ಕಳು ಇದೇ ಹೊಗೆಯನ್ನು ಸಣ್ಣ ಪ್ರಮಾಣದಲ್ಲಿ ಕುಡಿಯುತ್ತಿರುತ್ತಾರೆ. ತಾಯಂದಿರು ಗಮನಿಸಬೇಕು.)

ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದೆ. ಪ್ಲಾಸ್ಟಿಕ್ ಬಾವುಟ, ಪ್ಲಾಸ್ಟಿಕ್ ಲೋಟ, ತಟ್ಟೆಗಳೂ ಅದೇ ಪಟ್ಟಿಯಲ್ಲಿವೆ. ಶಾಲೆಯ ಮಾಡೆಲು ಅಲಂಕಾರವೋ ಶಿಕ್ಷಣವೋ ಎಂದು ವಕೀಲರು ಬೇಕಾದರೆ ವಾದಿಸಲಿ. ನಾನು ನೋಡಿದ ಮಾಡೆಲುಗಳಲ್ಲಿ ಮುಕ್ಕಾಲು ಪಾಲು ಅಲಂಕಾರವೇ.

ಇದಕ್ಕೆ ಮದ್ದು ಎಂಬಂತೆ ಎಷ್ಟೋ ಶಾಲೆಗಳು 'ಕಸದಿಂದ ರಸ' ಎಂಬ ಸ್ಪರ್ಧೆ ನಡೆಸುತ್ತವೆ. ಹೆಸರು ಚೆನ್ನಾಗಿದೆ. ಆದರೆ ಅಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ನೀರಿನ ಖಾಲಿ ಬಾಟಲಿಗೆ ಎನಾಮಲ್ ಬಣ್ಣ ಬಳಿದು, ಮಿನುಗು ಉದುರಿಸಿ, ಕನ್ನಡಿ ಚೂರು ಅಂಟಿಸಿ 'ಹೂದಾನಿ' ಮಾಡುತ್ತಾರೆ. ಬಣ್ಣ ಬಳಿಯುವ ಮುನ್ನ ಆ ಬಾಟಲಿ ಕಸವಾಗಿರಲಿಲ್ಲ! ಗುಜರಿ ಅಂಗಡಿಯಲ್ಲಿ ಅದಕ್ಕೆ ಬೆಲೆಯಿತ್ತು. ಅಲ್ಲಿಂದ ಕಾರ್ಖಾನೆಗೆ ಹೋಗಿ, ಕರಗಿ, ಪಾಲಿಯೆಸ್ಟರ್ ಎಳೆಯಾಗಿ, ಯಾರದೋ ದಿಂಬಿನೊಳಗೋ ಅಂಗಿಯೊಳಗೋ ಸೇರುವುದಿತ್ತು. ಬಣ್ಣ, ಅಂಟು, ಮಿನುಗು ಮೆತ್ತಿದ ಮೇಲೆ ಆಯುವವರೂ ಅದನ್ನು ಪಕ್ಕಕ್ಕೆ ಎಸೆಯುತ್ತಾರೆ. ಮಿನುಗು ಪುಡಿ ಎಂದರೂ ಅಲ್ಯೂಮಿನಿಯಂ ಲೇಪಿಸಿದ ಪ್ಲಾಸ್ಟಿಕ್ ಹಾಳೆಯ ಚೂರುಗಳೇ. ಒಮ್ಮೆ ಉದುರಿದರೆ ಹೆಕ್ಕಲು ಸಾಧ್ಯವಿಲ್ಲ. ಹೂದಾನಿ ದೀಪಾವಳಿ ಸ್ವಚ್ಛತೆಯವರೆಗೆ ಟೀವಿಯ ಪಕ್ಕ ಇರುತ್ತದೆ. ಆಮೇಲೆ? ಇದು ಕಸದಿಂದ ರಸವಲ್ಲ, ರಸದಿಂದ ಕಸ.

ಆದ್ದರಿಂದ ಮನೆಯಲ್ಲಿ ಏನನ್ನಾದರೂ ಮಾಡಲು ಕುಳಿತಾಗ ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ ಎಂದು ನನಗೀಗ ಅನ್ನಿಸುತ್ತದೆ: ಕೆಲಸ ಮುಗಿದ ಮಾರನೆಯ ದಿನ ಇದರ ಒಂದೊಂದು ಭಾಗವೂ ಎಲ್ಲಿಗೆ ಹೋಗುತ್ತದೆ? ಅಡುಗೆಮನೆಗೆ ಮರಳಿದರೆ ಉತ್ತಮ. ಗುಜರಿಗೆ ಹೋದರೆ ಮಧ್ಯಮ. ತಿಪ್ಪೆಗೆ ಹೋಗಿ ಮಣ್ಣಾದರೂ ಸರಿಯೇ. ಮೂರೂ ಅಲ್ಲದ್ದನ್ನು ಕೊಳ್ಳುವ ಮುನ್ನ ಎರಡು ಸಲ ಯೋಚಿಸಬೇಕು.

'ಹಾಗಾದರೆ ಥರ್ಮೋಕೋಲ್ ಬದಲು ಏನು?' ಎಂದು ಅಪ್ಪ ಅಮ್ಮಂದಿರು ಕೇಳುತ್ತಾರೆ. ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. ಥರ್ಮೋಕೋಲ್ ಬರುವ ಮುನ್ನ ಅದರ ಜಾಗದಲ್ಲಿ ಏನಿತ್ತು? ಬೆಂಡು. ಮದುವೆಯ ಬಾಸಿಂಗವನ್ನು ಬೆಂಡಿನಲ್ಲೇ ಮಾಡುತ್ತಿದ್ದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳದ ಸುಗ್ಗಿ ಮುಗಿದ ಮೇಲೆ ಮಕ್ಕಳ ಕೈಗೆ ದಂಟು ಸಿಕ್ಕಿದರೆ ಸಾಕು, ಸಂಜೆಯೊಳಗೆ ಒಂದು ಎತ್ತಿನ ಬಂಡಿ ತಯಾರು. ದಂಟಿನ ಮೇಲಿನ ಗಟ್ಟಿ ಸಿಪ್ಪೆಯನ್ನು ಸೀಳಿ ತೆಗೆದರೆ ಒಳಗೆ ಹಗುರವಾದ ಬಿಳಿ ಬೆಂಡು. ಬೆಂಡಿನ ಬಿಲ್ಲೆಗಳೇ ಗಾಲಿ, ಸಿಪ್ಪೆಯ ಕಡ್ಡಿಗಳೇ ಅಚ್ಚು, ನೊಗ, ಗೂಟ. ಕಡ್ಡಿಯನ್ನು ಬೆಂಡಿಗೆ ಚುಚ್ಚಿದರೆ ಗಟ್ಟಿಯಾಗಿ ನಿಲ್ಲುತ್ತದೆ, ಅಂಟು ಬೇಡ. ಸಿಪ್ಪೆಯ ಅಂಚು ಬ್ಲೇಡಿನಷ್ಟೇ ಹರಿತ. ಚಿಕ್ಕವರಿಗೆ ದೊಡ್ಡವರು ಸೀಳಿಕೊಡಬೇಕು. ಆಟ ಸಾಕಾದ ಮೇಲೆ ಬಂಡಿಯನ್ನು ದನದ ಮುಂದೆ ಹಾಕಿದರೆ ಅದೂ ಖುಷಿಯಿಂದ ಮೇಯುತ್ತದೆ. ಥರ್ಮೋಕೋಲಿನ ತಾಜಮಹಲಿಗೆ ಈ ಭಾಗ್ಯವಿಲ್ಲ.

ಬೆಂಡು ಬರೀ ಆಟಿಕೆಯ ಸಾಮಗ್ರಿ ಎಂದುಕೊಳ್ಳಬೇಡಿ. 1754ರಲ್ಲಿ ಲಂಡನ್ನಿನ ಶಾಲಾ ಮೇಷ್ಟ್ರು ಜಾನ್ ಕ್ಯಾಂಟನ್ ವಿದ್ಯುದಾವೇಶವನ್ನು ಪತ್ತೆಹಚ್ಚುವ ಉಪಕರಣ ಮಾಡಿದ್ದು ದಾರದಲ್ಲಿ ತೂಗುಬಿಟ್ಟ ಬೆಂಡಿನ ಗುಂಡುಗಳಿಂದಲೇ. ನೀವೂ ಮಾಡಿ ನೋಡಿ. ಕಡಲೆಕಾಳಿನ ಗಾತ್ರದ ಜೋಳದ ಬೆಂಡನ್ನು ತೆಳು ದಾರದಲ್ಲಿ ಇಳಿಬಿಡಿ. ಎಣ್ಣೆ ಹಾಕದ ಒಣಗೂದಲಿಗೆ ಬಾಚಣಿಗೆಯನ್ನು ಚೆನ್ನಾಗಿ ಉಜ್ಜಿ ಹತ್ತಿರ ತನ್ನಿ. ಗುಂಡು ಓಡಿ ಬಂದು ಬಾಚಣಿಗೆಗೆ ತಗುಲುತ್ತದೆ, ಆಮೇಲೆ ದೂರ ಸರಿಯುತ್ತದೆ. ಮಳೆಗಾಲದಲ್ಲಿ ಈ ಪ್ರಯೋಗ ಕೈಕೊಡುವುದೇ ಹೆಚ್ಚು. ಯಾಕೆ? ಮಡಕೆಯ ಹುಡುಗಿಯ ಪ್ರಶ್ನೆಯ ಹಾಗೆ ಇದಕ್ಕೂ ಗಾಳಿಯ ತೇವವೇ ಕಾರಣ. ಅದು ವಿದ್ಯುದಾವೇಶವನ್ನು ನಿಲ್ಲಗೊಡುವುದಿಲ್ಲ.

ಜೋಳ ಬೆಳೆಯದ ಊರಿನವರು ಬೇಸರಪಡಬೇಕಿಲ್ಲ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಅಡಿಕೆ ಹಾಳೆ ಇದೆ. ನೆನೆಸಿದರೆ ಬಾಗುತ್ತದೆ, ಒಣಗಿದರೆ ಬಾಗಿದ ಹಾಗೇ ನಿಲ್ಲುತ್ತದೆ. ತೆಂಗಿನ ಗರಿಯ ಕಡ್ಡಿ, ಕರಟಗಳು ಎಲ್ಲೆಡೆ ಸಿಗುತ್ತವೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಇದ್ಯಾವುದೂ ಸಿಗದಿದ್ದರೆ ರಟ್ಟಿನ ಪೆಟ್ಟಿಗೆಗಳಿಗಂತೂ ಬರವಿಲ್ಲ. ರಟ್ಟನ್ನು ಕೊರೆದು ಒಂದಕ್ಕೊಂದು ಸಿಕ್ಕಿಸಿ, ಇಲ್ಲವೆ ದಾರದಿಂದ ಕಟ್ಟಿದರೆ, ಬಿಚ್ಚಿದ ಮೇಲೆ ಗುಜರಿಯವನು ಪೂರ್ತಿ ಬೆಲೆಗೇ ಕೊಳ್ಳುತ್ತಾನೆ.

ಬೆಟ್ಟ, ಕಣಿವೆ, ಗೋಳ ಇಂಥ ಉಬ್ಬುತಗ್ಗಿನ ರೂಪಗಳು ಬೇಕಿದ್ದರೆ ನಮ್ಮ ಅಜ್ಜಿಯರ ವಿದ್ಯೆ ಇದೆ. ಹಳೆಯ ಪತ್ರಿಕೆಯನ್ನು ಚೂರು ಮಾಡಿ ಎರಡು ಮೂರು ದಿನ ನೆನೆಹಾಕಿ, ಒಂದು ಹಿಡಿ ಮೆಂತ್ಯವನ್ನೂ ಬೇರೆಯಾಗಿ ನೆನೆಸಿ, ಎರಡನ್ನೂ ಒರಳಿಗೆ ಹಾಕಿ ರುಬ್ಬುತ್ತಿದ್ದರು. ಬೋರಲು ಹಾಕಿದ ಪಾತ್ರೆಯ ಮೇಲೆ ಒದ್ದೆ ಬಟ್ಟೆ ಹೊದಿಸಿ, ಈ ಹಿಟ್ಟನ್ನು ಅರ್ಧ ಬೆರಳು ದಪ್ಪಕ್ಕೆ ತಟ್ಟಿ, ಬಿಸಿಲಿಗಿಟ್ಟು ಒಣಗಿದ ಮೇಲೆ ಕಳಚಿದರೆ ಬುಟ್ಟಿ ಸಿದ್ಧ. ನೆನೆದ ಮೆಂತ್ಯದ ಲೋಳೆಯೇ ಕಾಗದದ ನಾರುಗಳನ್ನು ಹಿಡಿದಿಡುವ ಅಂಟು. ಮೊರದ ಸಂದು ಮುಚ್ಚಲೂ ಮೆಂತ್ಯದ ಹಿಟ್ಟನ್ನೇ ಸವರುತ್ತಿದ್ದರು. ಒಂದು ಎಚ್ಚರಿಕೆ: ಅಡುಗೆಯ ಮಿಕ್ಸಿಗೆ ಪತ್ರಿಕೆ ಹಾಕಬೇಡಿ. ಮುದ್ರಣದ ಶಾಯಿ ಹೊಟ್ಟೆಗೆ ಹೋಗುವಂಥದ್ದಲ್ಲ, ಮಿಕ್ಸಿಯೂ ಉಳಿಯುವುದಿಲ್ಲ, ಅಮ್ಮನ ಕೈಯಿಂದ ನೀವೂ ಉಳಿಯುವುದಿಲ್ಲ. ಚೆನ್ನಾಗಿ ನೆನೆದ ಕಾಗದವನ್ನು ಬಕೆಟ್ಟಿನಲ್ಲಿ ಕೋಲಿನಿಂದ ಕುಟ್ಟಿದರೂ ಆಗುತ್ತದೆ, ಕೈ ನೋಯುತ್ತದೆ ಅಷ್ಟೆ.

ಕಾಗದಕ್ಕೆ ಕಾಗದ ಅಂಟಿಸಲು ಮೈದಾ ಸಾಕು. ಒಂದು ಪಾಲು ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಟ್ಟು ಐದು ಪಾಲು ನೀರಾಗುವಂತೆ ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಿಳಿ ನೀರು ಇದ್ದಕ್ಕಿದ್ದಂತೆ ಮಂದವಾಗಿ, ಅರೆಪಾರದರ್ಶಕವಾಗುವ ಕ್ಷಣ ಬರುತ್ತದೆ. ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಒಡೆಯುವ ಹೊತ್ತು ಅದು. ಎರಡು ದಿನಕ್ಕೆ ಹಳಸುತ್ತದೆ, ಬೇಕಾದಷ್ಟೇ ಮಾಡಿಕೊಳ್ಳಿ. ಬೈಂಡಿಂಗ್ ಮಾಡುವವರು ಹುಳ ಬೀಳದಿರಲೆಂದು ಇದಕ್ಕೆ ಮೈಲುತುತ್ತ ಸೇರಿಸುವುದುಂಟು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ.

ಬಣ್ಣದ ಮಾತೂ ಒಂದಿಷ್ಟು. ಅಟ್ಟದ ಮೇಲಿನ ಹಳೆಯ ಎನಾಮಲ್ ಡಬ್ಬಿಯನ್ನು 'ಹೇಗೂ ಇದೆಯಲ್ಲ, ವ್ಯರ್ಥವಾಗದಿರಲಿ' ಎಂದು ಮಕ್ಕಳಿಗೆ ಕೊಡಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ ತೊಂಬತ್ತು ಪಾಲು ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಡಬ್ಬಿಯಲ್ಲಿ ಎಷ್ಟಿರುತ್ತದೋ ಹೇಳಲಾಗದು. ಮಿತವ್ಯಯ ಎಲ್ಲ ಕಡೆಯೂ ಗುಣವಲ್ಲ. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದಲ್ಲಿ ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ಕರಿದಾಗುವಷ್ಟು ಹುರಿದ ಅಕ್ಕಿ. ಅಷ್ಟರಲ್ಲೇ ಅವರು ಏನೆಲ್ಲ ಬರೆಯುತ್ತಾರೆ ಎಂಬುದನ್ನು ಒಮ್ಮೆ ನೋಡಬೇಕು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುವುದು ಓಕುಳಿ ಕಲಸುವ ಮನೆಯ ಮಕ್ಕಳಿಗೆಲ್ಲ ಗೊತ್ತು; ಅದೇ ಒಂದು ಪ್ರಾಜೆಕ್ಟ್ ಆಗಬಹುದಲ್ಲ?

ಜೋಡಿಸುವ ವಿದ್ಯೆಯಲ್ಲಿ ನನಗೆ ಗುರುವಾಗಿ ಕಾಣುವವರು ಅರವಿಂದ ಗುಪ್ತ. ಕಾನ್ಪುರದ ಐಐಟಿಯಲ್ಲಿ ಓದಿದ ಈ ಎಂಜಿನಿಯರ್ 1970ರ ದಶಕದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿಗೆ ಹೋದರು. ಹಳ್ಳಿಯ ಶಾಲೆಗಳಲ್ಲಿ ವಿಜ್ಞಾನವನ್ನು ಮಾಡಿ ಕಲಿಸುವ ಕಾರ್ಯಕ್ರಮವೊಂದು ಅಲ್ಲಿ 1972ರಿಂದ ನಡೆದಿತ್ತು. ಸೈಕಲ್ಲಿನ ವಾಲ್ವ್ ಟ್ಯೂಬಿನ ಪುಟ್ಟ ತುಂಡಿಗೆ ಎರಡೂ ಕಡೆಯಿಂದ ಬೆಂಕಿಕಡ್ಡಿ ತೂರಿಸಿ ಅವರು ಕೀಲು ಮಾಡಿದರು. (ಕಡ್ಡಿಯ ಮದ್ದನ್ನು ನೀರಿನಲ್ಲಿ ನೆನೆಸಿ ತೆಗೆದುಬಿಡಿ.) ಮೂರು ಕಡ್ಡಿ ಸೇರಿಸಿ ತ್ರಿಕೋನ ಮಾಡಿ ಒತ್ತಿ ನೋಡಿ, ಜಗ್ಗುವುದಿಲ್ಲ. ನಾಲ್ಕು ಕಡ್ಡಿಯ ಚೌಕವನ್ನು ಒತ್ತಿ, ವಾಲಿಬಿಡುತ್ತದೆ. ಸೇತುವೆಯಲ್ಲಿ, ಮಾಡಿನ ಕೆಳಗೆ ಯಾಕೆ ಅಷ್ಟೊಂದು ತ್ರಿಕೋನಗಳಿವೆ ಎಂಬುದು ಕೈಗೇ ತಿಳಿಯುತ್ತದೆ. ಪಾಠ ಮುಗಿದ ಮೇಲೆ ಎಲ್ಲವನ್ನೂ ಕಳಚಿ ಪೊಟ್ಟಣ ಕಟ್ಟಿದರೆ ಮುಂದಿನ ವರ್ಷದ ತರಗತಿಗೆ ಅದೇ ಸಾಮಾನು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇಷ್ಟು ಹೇಳಿದ ಮೇಲೆ ಒಂದು ಕಹಿ ಮಾತು ಹೇಳಲೇಬೇಕು. ಇದ್ಯಾವುದೂ ಭಾನುವಾರ ರಾತ್ರಿ ಎಂಟೂವರೆಗೆ ಶುರುಮಾಡಿ ಮುಗಿಯುವ ಕೆಲಸವಲ್ಲ. ಕಾಗದದ ಹಿಟ್ಟು ಒಣಗಲು ನಾಲ್ಕು ಬಿಸಿಲಾದರೂ ಬೇಕು, ಶ್ರಾವಣದಲ್ಲಾದರೆ ದೇವರೇ ಗತಿ. ಮಡಕೆಯ ಪ್ರಯೋಗಕ್ಕೆ ವಾರ ಬೇಕು. ಥರ್ಮೋಕೋಲಿನ ನಿಜವಾದ ಆಕರ್ಷಣೆ ಅದರ ಬಿಳುಪಲ್ಲ, ಅವಸರಕ್ಕೆ ಅದು ಒದಗುವ ರೀತಿ. ಮೂರು ದಿನದಲ್ಲಿ ಮಾಡೆಲ್ ತನ್ನಿ ಎಂದು ಹೇಳುವ ಶಾಲೆ ಮಕ್ಕಳನ್ನು ನೇರವಾಗಿ ಅಂಗಡಿಗೇ ಅಟ್ಟುತ್ತದೆ. ಪೋಷಕರ ಸಭೆಯಲ್ಲಿ ಇದನ್ನು ಮೆಲ್ಲಗೆ ಎತ್ತಿ: ಎರಡು ವಾರ ಸಮಯ ಕೊಡಿ, ಮಕ್ಕಳೇ ಮಾಡುವಷ್ಟು ಸಣ್ಣದಿರಲಿ, ಅಂದಕ್ಕೆ ಅಂಕ ಬೇಡ. 1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಮೊದಲಿಂದಲೂ ತೂಕ ಇದ್ದದ್ದು ಮಕ್ಕಳು ತಮ್ಮೂರಲ್ಲಿ ನಡೆಸಿದ ಅಧ್ಯಯನಕ್ಕೇ ಹೊರತು ಮಿನುಗುವ ಮಾದರಿಗಲ್ಲ. ಹಾಗಾಗಿ ನೀವೇನೂ ಹೊಸ ಕ್ರಾಂತಿ ಕೇಳಿದಂತೆ ಆಗುವುದಿಲ್ಲ.

ನನ್ನ ಮಟ್ಟಿಗೆ ಒಂದು ಪ್ರಾಯಶ್ಚಿತ್ತ ಮಾಡಿಕೊಂಡಿದ್ದೇನೆ. ಈಗ ಯಾರಾದರೂ ತೀರ್ಪುಗಾರನಾಗಿ ಕರೆದರೆ, ಅಂಕಪಟ್ಟಿಯ 'ಅಂದ'ದ ಕಲಮು ತೆಗೆದು ಅಲ್ಲಿ 'ನಾಳೆ ಇದು ಎಲ್ಲಿಗೆ?' ಎಂದು ಹಾಕುವಿರಾ ಎಂದು ಕೇಳುತ್ತೇನೆ. ಒಂದು ಶಾಲೆಯವರು ಪೋಷಕರು ಒಪ್ಪುವುದಿಲ್ಲ ಎಂದು ಬೇರೆ ತೀರ್ಪುಗಾರರನ್ನು ಹುಡುಕಿಕೊಂಡರು. ಇನ್ನೊಂದು ಹಳ್ಳಿಯ ಶಾಲೆಯವರು ಆಗಲಿ ಎಂದರು. ಅಲ್ಲಿ ಆರನೇ ತರಗತಿಯ ಹುಡುಗನೊಬ್ಬ ಬೆಂಡು, ರಟ್ಟು, ತಂತಿ ಸೇರಿಸಿ ಬಾವಿಯ ನೀರಿನ ಮಟ್ಟ ಕೆಳಗಿಳಿದರೆ ದೀಪ ಹತ್ತುವ ಉಪಕರಣ ಮಾಡಿದ್ದ. ಹೊಸ ಕಲಮಿನಲ್ಲಿ ಗುಂಡಕ್ಷರದಲ್ಲಿ ಬರೆದಿದ್ದ: 'ಬಲ್ಬು, ಸೆಲ್ಲು ತಾತನ ಟಾರ್ಚಿಗೆ. ರಟ್ಟು ಗುಜರಿಗೆ. ಬಕೆಟ್ಟು ಅಮ್ಮನಿಗೆ. ಬೆಂಡು ಎಮ್ಮೆಗೆ.' ನಾನು ಹೋದಾಗ ದೀಪ ಹತ್ತಲಿಲ್ಲ. ಹುಡುಗನ ಮುಖ ಬಾಡಿತು. ಇಬ್ಬರೂ ಕೂತು ಹುಡುಕಿದೆವು. ಸೆಲ್ಲಿನ ಹತ್ತಿರ ತಂತಿ ಸಡಿಲವಾಗಿತ್ತು. ಬಿಗಿಮಾಡಿ, ಬಕೆಟ್ಟಿನಿಂದ ಎರಡು ಚೊಂಬು ನೀರು ತೆಗೆದೆವು. ಹತ್ತಿತು.